"ಪುನಃ ಬಂದ್ರಾ?": ಎಮರ್ಜೆನ್ಸಿ ಬಾಗಿಲಿಗೆ ಮತ್ತೆ ಮತ್ತೆ ಬರುವವರ ಕಥೆ

ಕೆಲವು ವರ್ಷದ ಹಿಂದೆ, ಒಂದೇ ಮಳೆಗಾಲದಲ್ಲಿ ದೊಡ್ಡಮ್ಮನನ್ನು ನಾನು ಏಳು ಸಲ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿದ್ದೆ. ಏಳೂ ಸಲ ರಾತ್ರಿಯೇ. ಮೂರನೇ ಸಲಕ್ಕೆ ಗೇಟಿನ ಸೆಕ್ಯುರಿಟಿಯವರಿಗೆ ನಮ್ಮ ಗಾಡಿಯ ಗುರುತು ಸಿಕ್ಕಿತ್ತು. ಐದನೇ ಸಲ ಒಳಗೆ ಕಾಲಿಡುತ್ತಲೇ ಸಿಸ್ಟರ್ ಒಬ್ಬರು, "ಓ, ಪುನಃ ಬಂದ್ರಾ ಅಮ್ಮ?" ಎಂದು ಕೇಳಿದರು. ಅವರು ಕೇಳಿದ್ದು ಪ್ರೀತಿಯಿಂದಲೇ. ದೊಡ್ಡಮ್ಮನಿಗೆ ಮಾತ್ರ ಅದು ಚುಚ್ಚಿತು. ಬೆಳಿಗ್ಗೆ ವಾಪಸ್ ಬರುವಾಗ ಗಾಡಿಯಲ್ಲಿ ಕೂತು ಗೊಣಗಿದರು: "ನಾನೆಂತ ಮದುವೆ ಊಟಕ್ಕೆ ಬರುದಾ ಅಲ್ಲಿಗೆ?"

ಹೌದಲ್ವಾ. ಊಟಕ್ಕೆ ಯಾರೂ ಬರುವುದಿಲ್ಲ. ಮತ್ತೆ ಯಾಕೆ ಬರುತ್ತಾರೆ?

ಒಂದೇ ರೋಗಿ ಎಮರ್ಜೆನ್ಸಿಗೆ ಪದೇ ಪದೇ ಬರುವುದು ನಮ್ಮ ಊರಿನದ್ದು ಮಾತ್ರ ಅಲ್ಲ. ಇದರ ಬಗ್ಗೆ ಬೇರೆ ದೇಶಗಳಲ್ಲಿ ದೊಡ್ಡ ಲೆಕ್ಕಾಚಾರವೇ ನಡೆದಿದೆ. ಎಷ್ಟು ಸಲ ಬಂದರೆ "ಪದೇ ಪದೇ" ಅನ್ನಬೇಕು ಎಂಬುದಕ್ಕೆ ಒಂದೇ ಅಳತೆ ಇಲ್ಲ. ಹೆಚ್ಚಿನವರು ಒಪ್ಪಿಕೊಂಡಿರುವುದು ವರ್ಷಕ್ಕೆ 4 ಅಥವಾ ಅದಕ್ಕಿಂತ ಜಾಸ್ತಿ ಭೇಟಿ. ಅಮೆರಿಕದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ 2010ರ ಒಂದು ವಿಮರ್ಶೆಯ ಪ್ರಕಾರ, ಎಮರ್ಜೆನ್ಸಿಗೆ ಬರುವವರಲ್ಲಿ ಇಂಥವರು ಶೇಕಡಾ 4.5ರಿಂದ 8 ಮಾತ್ರ. ಒಟ್ಟು ಭೇಟಿಗಳಲ್ಲಿ ಅವರ ಪಾಲು ಶೇಕಡಾ 21ರಿಂದ 28. ಅಂದರೆ ಬಾಗಿಲು ತೆರೆದುಕೊಳ್ಳುವ ನಾಲ್ಕೈದು ಸಲದಲ್ಲಿ ಒಂದು ಸಲ ಒಳಗೆ ಬರುವುದು ಪರಿಚಯದ ಮುಖವೇ.

ಈ ಲೆಕ್ಕ ನೋಡಿದ ಕೂಡಲೇ ಯಾರಿಗಾದರೂ ಒಂದು ಯೋಚನೆ ಬರುತ್ತದೆ. ಈ ಕೆಲವೇ ಜನರನ್ನು ಬೇರೆ ಕಡೆ ಕಳಿಸಿದರೆ ಆಯ್ತಲ್ಲ, ರಶ್ ಕಡಿಮೆಯಾಗುತ್ತದೆ. ನನಗೂ ಮೊದಲು ಹಾಗೇ ಅನಿಸಿತ್ತು. ಎರಡು ಕಾರಣಕ್ಕೆ ಅದು ಸರಿಯಲ್ಲ. ಎಮರ್ಜೆನ್ಸಿ ತುಂಬಿ ತುಳುಕುವುದು ಮುಖ್ಯವಾಗಿ ಇವರಿಂದ ಅಲ್ಲ, ಮೇಲಿನ ವಾರ್ಡಿನಲ್ಲಿ ಹಾಸಿಗೆ ಖಾಲಿ ಇಲ್ಲದೆ ಅಡ್ಮಿಟ್ ಆಗಬೇಕಾದವರು ಕೆಳಗೇ ಟ್ರಾಲಿಯಲ್ಲಿ ಗಂಟೆಗಟ್ಟಲೆ ಕಾಯುವುದರಿಂದ. ಇನ್ನೊಂದು, ಪದೇ ಪದೇ ಬರುವವರು ಸುಮ್ನೆ ಬರುವವರಲ್ಲ. ಉಳಿದವರಿಗೆ ಹೋಲಿಸಿದರೆ ಇವರಿಗೆ ಕಾಯಿಲೆ ಜಾಸ್ತಿ, ಅಡ್ಮಿಟ್ ಆಗುವುದು ಜಾಸ್ತಿ, ಸಾಯುವ ಅಪಾಯವೂ ಜಾಸ್ತಿ. ಕಾಯಿಲೆಯ ನಾಟಕ ಆಡಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವವರು ಇಲ್ಲವೇ ಇಲ್ಲ ಎಂದಲ್ಲ. ರಿಚರ್ಡ್ ಆಶರ್ ಎಂಬ ಬ್ರಿಟಿಷ್ ಡಾಕ್ಟರ್ 1951ರಲ್ಲೇ ಅದಕ್ಕೆ ಮುಂಚಾಸೆನ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಆದರೆ ಅಂಥವರು ಬೆರಳೆಣಿಕೆಯಷ್ಟು. ಅವರನ್ನು ಮನಸ್ಸಲ್ಲಿಟ್ಟುಕೊಂಡು ಉಳಿದ ಎಲ್ಲರನ್ನೂ ಅನುಮಾನದಿಂದ ನೋಡುವುದು ನ್ಯಾಯ ಅಲ್ಲ.

ದೊಡ್ಡಮ್ಮನ ವಿಷಯಕ್ಕೆ ಬರುತ್ತೇನೆ. ಅವರದ್ದು ಉಬ್ಬಸ. ಅಸ್ತಮಾ ಸ್ವಲ್ಪ, ಸಿಒಪಿಡಿ (ಶ್ವಾಸನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆ) ಸ್ವಲ್ಪ, ಎರಡೂ ಸೇರಿದ್ದು ಎನ್ನುತ್ತಾರೆ ಡಾಕ್ಟರ್. ಜೀವನದಲ್ಲಿ ಒಂದು ಬೀಡಿ ಸೇದಿದವರಲ್ಲ. ಆದರೆ ನಲವತ್ತು ವರ್ಷ ಬೀಡಿ ಕಟ್ಟಿದವರು. ನಮ್ಮ ಕರಾವಳಿಯಲ್ಲಿ ಅದು ಮನೆಮನೆಯ ಕೆಲಸವಾಗಿತ್ತು. ಮಡಿಲಲ್ಲಿ ಸೂಪು ಎಂಬ ಮೊರ, ಸೂಪಿನಲ್ಲಿ ಹೊಗೆಸೊಪ್ಪಿನ ಪುಡಿ. ಅದರ ಜೊತೆಗೆ ಬಚ್ಚಲುಮನೆಯ ಒಲೆ. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು. ಸ್ನಾನದ ನೀರಿಗೆ ಮಾತ್ರ ಇವತ್ತಿಗೂ ತೆಂಗಿನ ಮಡಲು, ಸಿಪ್ಪೆ, ಚೆರಟೆಯೇ ಆಗಬೇಕು. ಮಳೆಗಾಲದಲ್ಲಿ ಅದೆಲ್ಲ ಹಸಿ. ಹಸಿ ಸೌದೆಯ ಹೊಗೆ ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು. ಗೋಡೆಯಲ್ಲಿ ಬೂಷ್ಟು, ಹಾಸಿಗೆಯಲ್ಲಿ ತೇವ. ಶ್ವಾಸಕೋಶಕ್ಕೆ ಇಷ್ಟು ಸಾಕು.

ರಾತ್ರಿ ಎಮರ್ಜೆನ್ಸಿಯಲ್ಲಿ ಏನು ನಡೆಯುತ್ತದೆ ಎಂದು ಹೇಳುತ್ತೇನೆ. ಬಾಗಿಲಲ್ಲೇ ಒಬ್ಬರು ನೋಡಿ ವಿಂಗಡಿಸುತ್ತಾರೆ. ಇದಕ್ಕೆ ಟ್ರಯಾಜ್ ಎನ್ನುತ್ತಾರೆ. ಫ್ರೆಂಚ್ ಭಾಷೆಯಲ್ಲಿ ಆ ಪದದ ಮೂಲಕ್ಕೆ ವಿಂಗಡಿಸು ಎಂದೇ ಅರ್ಥ. ನೆಪೋಲಿಯನ್ನನ ಸೈನ್ಯದ ಸರ್ಜನ್ ಆಗಿದ್ದ ಲ್ಯಾರಿ, ಗಾಯಾಳುಗಳನ್ನು ಪದವಿ ನೋಡದೆ ಗಾಯ ನೋಡಿ ಆರಿಸುವ ಪದ್ಧತಿ ತಂದರು. ಈಗ ಅದೇ ಕೆಂಪು, ಹಳದಿ, ಹಸಿರು. ಕೆಂಪು ಅಂದರೆ ಈ ಕ್ಷಣವೇ ನೋಡಬೇಕು. ಹಸಿರು ಅಂದರೆ ಕಾಯಬಹುದು. ಎಮರ್ಜೆನ್ಸಿಯ ಇಡೀ ಕೆಲಸ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಈ ಮನುಷ್ಯ ಇವತ್ತು ಸಾಯುವಂಥದ್ದು ಏನಾದರೂ ಇದೆಯಾ? ಇದ್ದರೆ ತಡೆಯಬೇಕು. ಇಲ್ಲದಿದ್ದರೆ ಹಾಸಿಗೆ ಬಿಡಿಸಿಕೊಂಡು ಮುಂದಿನವರನ್ನು ನೋಡಬೇಕು.

ಆ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಆಕ್ಸಿಡೆಂಟ್ ಆದವನಿಗೆ, ಹಾವು ಕಚ್ಚಿದವಳಿಗೆ, ಹಾರ್ಟ್ ಅಟ್ಯಾಕ್ ಆದವನಿಗೆ ಅದೇ ಸರಿಯಾದ ಪ್ರಶ್ನೆ. ಆದರೆ ದೊಡ್ಡಮ್ಮನ ಕಾಯಿಲೆ ಒಂದು ದಿನದ್ದಲ್ಲ. ಅವರ ಪ್ರಶ್ನೆ ಇರುವುದು ನಾಳೆಯಿಂದ ಮುಂದೆ. ಆ ಪ್ರಶ್ನೆ ಕೇಳುವುದು ಅಲ್ಲಿ ಯಾರ ಕೆಲಸವೂ ಅಲ್ಲ. ಹಾಗಾಗಿ ಒಂದು ಸಲ ಬಿಟ್ಟರೆ (ಅದನ್ನು ಮುಂದೆ ಹೇಳುತ್ತೇನೆ) ಅವರಿಗೆ ಒಳ್ಳೆಯ ಚಿಕಿತ್ಸೆಯೇ ಸಿಕ್ಕಿತು ಅನ್ನಬಹುದು. ಏಳು ಸಲವೂ ಅವರು ಹಾಗೇ ಮನೆಗೆ ಬಂದರು ಅಂತಲೂ ಅನ್ನಬಹುದು.

ಉಬ್ಬಸದವರು ಯಾಕೆ ತಿರುಗಿ ತಿರುಗಿ ಬರುತ್ತಾರೆ ಎಂದು ತಿಳಿಯಬೇಕಾದರೆ ಪಂಪಿನ, ಅಂದರೆ ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಇನ್‌ಹೇಲರಿನ, ವಿಷಯ ಸ್ವಲ್ಪ ಗೊತ್ತಿರಬೇಕು. ಪಂಪಿನಲ್ಲಿ ಎರಡು ಜಾತಿ. ಒಂದು, ಕಟ್ಟಿದ ಉಸಿರನ್ನು ಕೂಡಲೇ ಬಿಡಿಸುವುದು. ಸಾಲ್ಬ್ಯುಟಮಾಲ್ ಅಂಥದ್ದು. ಶ್ವಾಸನಾಳದ ಸುತ್ತ ಬಿಗಿದ ಸ್ನಾಯುವನ್ನು ಸಡಿಲ ಮಾಡುತ್ತದೆ. ಐದು ನಿಮಿಷದಲ್ಲಿ ಹಾಯ್ ಅನಿಸುತ್ತದೆ, ನಾಲ್ಕರಿಂದ ಆರು ಗಂಟೆ ಇರುತ್ತದೆ. ಆದರೆ ನಾಳದ ಒಳಗಿನ ಊತ ಹಾಗೇ ಉಳಿಯುತ್ತದೆ. ಇನ್ನೊಂದು, ದಿನಾ ಎಳೆಯಬೇಕಾದ ಸ್ಟೀರಾಯ್ಡ್ ಇರುವ ಪಂಪ್. ಅದು ಊತವನ್ನೇ ಇಳಿಸುತ್ತದೆ. ಆದರೆ ಕೆಲಸ ಮಾಡಲು ದಿನಗಳು, ವಾರಗಳು ಬೇಕು. ಎಳೆದಾಗ ಏನೂ ಗೊತ್ತಾಗುವುದಿಲ್ಲ. ಬಿಟ್ಟಾಗಲೂ ಕೂಡಲೇ ಏನೂ ಗೊತ್ತಾಗುವುದಿಲ್ಲ. ಬೆಲೆ ಮಾತ್ರ ಇದಕ್ಕೇ ಜಾಸ್ತಿ.

ಈಗ ನೀವೇ ಹೇಳಿ, ಯಾವುದನ್ನು ನಂಬುತ್ತೀರಿ? ದೊಡ್ಡಮ್ಮ ಮೊದಲನೆಯದನ್ನು ನಂಬಿದರು. ಎರಡನೆಯದು ಮುಗಿದ ಮೇಲೆ ತರಿಸಲೇ ಇಲ್ಲ. "ಅದರಲ್ಲಿ ಗುಣ ಇಲ್ಲ, ಸುಮ್ನೆ ದುಡ್ಡು" ಎಂದರು. ಹೀಗೆ ಒಳಗಿನ ಊತ ಏರುತ್ತಾ ಹೋಯಿತು, ಮೇಲಿಂದ ಮೇಲೆ ಬಿಡಿಸುವ ಪಂಪ್ ನಡೆಯಿತು. ಒಂದು ರಾತ್ರಿ ಅದೂ ಸಾಕಾಗುವುದಿಲ್ಲ. ಆಗ ಗಾಡಿ ಹೊರಡುತ್ತದೆ. ಎಮರ್ಜೆನ್ಸಿಯಲ್ಲಿ ನೆಬ್ಯುಲೈಸರ್ ಇಡುತ್ತಾರೆ. ಮೂತಿಗೆ ಮಾಸ್ಕ್, ಪುಸುಪುಸು ಆವಿ, ಪಕ್ಕದಲ್ಲಿ ಸಿಸ್ಟರ್. ಅರ್ಧ ಗಂಟೆಯಲ್ಲಿ ಆರಾಮ. ಆ ಆವಿಯಲ್ಲಿ ಹೆಚ್ಚಾಗಿ ಇರುವುದು ಪಂಪಿನಲ್ಲಿರುವ ಅದೇ ಔಷಧಿ. ಜೀವಕ್ಕೆ ಕುತ್ತು ಬಂದ ಹಂತ ಅಲ್ಲದಿದ್ದರೆ, ಸ್ಪೇಸರ್ (ಪಂಪಿನ ಮೂತಿಗೆ ಜೋಡಿಸುವ ಪ್ಲಾಸ್ಟಿಕ್ ಡಬ್ಬಿ) ಹಾಕಿ ಸರಿಯಾಗಿ ಎಳೆದ ಪಂಪು ನೆಬ್ಯುಲೈಸರಿನಷ್ಟೇ ಕೆಲಸ ಮಾಡುತ್ತದೆ ಎಂದು ಅಸ್ತಮಾದ ಮೇಲೆ ನಡೆದ ಅಧ್ಯಯನಗಳು ತೋರಿಸಿವೆ. ಆದರೆ ದೊಡ್ಡಮ್ಮನಿಗೆ ಯಂತ್ರದ ಮೇಲೆ ಇದ್ದ ಭಕ್ತಿ ಆ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಬರಲಿಲ್ಲ.

ಏಳನೇ ಸಲ ಹೋದಾಗ ಡ್ಯೂಟಿಯಲ್ಲಿದ್ದವರು ಒಬ್ಬ ಚಿಕ್ಕ ಪ್ರಾಯದ ಹೌಸ್ ಸರ್ಜನ್, ಅಂದರೆ ತರಬೇತಿಯಲ್ಲಿರುವ ಹೊಸ ಡಾಕ್ಟರ್. ರಶ್ ಕಡಿಮೆ ಇತ್ತು. ಆ ಹುಡುಗಿ ಒಂದು ಸ್ಟೂಲ್ ಎಳೆದು ಕೂತು, "ಅಮ್ಮ, ಪಂಪ್ ಹೇಗೆ ಎಳೆಯುವುದು ತೋರಿಸಿ" ಎಂದರು. ಅಷ್ಟರವರೆಗೆ ಯಾರೂ ಕೇಳದ ಪ್ರಶ್ನೆ. ನಾನೂ ಕೇಳಿರಲಿಲ್ಲ. ದೊಡ್ಡಮ್ಮ ಬಾಯಿ ತೆರೆದು, ಪಂಪನ್ನು ಒತ್ತಿ, ಉಸಿರು ಹಿಡಿದು ಕೂತರು. ಎಳೆದುಕೊಳ್ಳಲೇ ಇಲ್ಲ. ಔಷಧಿ ನಾಲಿಗೆಗೆ, ಗಂಟಲಿಗೆ ಬಡಿದು ಅಲ್ಲೇ ಮುಗಿಯಿತು. ಮತ್ತೆ ಆ ಹುಡುಗಿ ಪಂಪನ್ನು ಕೈಗೆ ತೆಗೆದುಕೊಂಡು, "ಇದು ತಂದು ಎಷ್ಟು ದಿನ ಆಯ್ತು?" ಎಂದರು. ಶಿವರಾತ್ರಿಗೆ ಮೊದಲು ತಂದದ್ದು.

ಅಂಥ ಪಂಪಿನಲ್ಲಿ ಸಾಮಾನ್ಯವಾಗಿ 200 ಸಲದ ಔಷಧಿ ಇರುತ್ತದೆ. ದಿನಕ್ಕೆ ಎಂಟು ಸಲ ಒತ್ತಿದರೆ 25 ದಿನಕ್ಕೆ ಖಾಲಿ. ಮೋಸ ಏನೆಂದರೆ, ಔಷಧಿ ಮುಗಿದ ಮೇಲೂ ಅದು ಪುಸ್ ಎನ್ನುತ್ತದೆ. ಔಷಧಿಯನ್ನು ತಳ್ಳುವ ಗ್ಯಾಸ್ ಇನ್ನೂ ಉಳಿದಿರುತ್ತದಲ್ಲ. ಅಲ್ಲಾಡಿಸಿದರೆ ಸದ್ದೂ ಬರುತ್ತದೆ. ಕೆಲವು ಪಂಪುಗಳಿಗೆ ಲೆಕ್ಕ ತೋರಿಸುವ ಅಂಕಿ ಇರುತ್ತದೆ, ಎಷ್ಟೋ ಪಂಪುಗಳಿಗೆ ಇರುವುದಿಲ್ಲ. ಅಂತೂ ಆ ಮಳೆಗಾಲವಿಡೀ ದೊಡ್ಡಮ್ಮ ಖಾಲಿ ಡಬ್ಬಿಯನ್ನು ತಪ್ಪಾಗಿ ಒತ್ತುತ್ತಿದ್ದರು. ಡಿಸ್ಚಾರ್ಜ್ ಚೀಟಿಯಲ್ಲಿ ಏಳೂ ಸಲ ಇಂಗ್ಲಿಷಿನಲ್ಲಿ ಬರೆದಿತ್ತು, ಪಂಪ್ ಮುಂದುವರಿಸಿ ಅಂತ.

ಏಳೂ ಸಲ ರಾತ್ರಿಯೇ ಯಾಕೆ? ಇದಕ್ಕೆ ದೇಹದಲ್ಲೇ ಉತ್ತರ ಇದೆ. ನಮ್ಮ ಶ್ವಾಸನಾಳಗಳು ದಿನದ 24 ಗಂಟೆ ಒಂದೇ ರೀತಿ ಇರುವುದಿಲ್ಲ. ಬೆಳಗಿನ ಜಾವ 4 ಗಂಟೆಯ ಸುಮಾರಿಗೆ ಅತಿ ಹೆಚ್ಚು ಕಿರಿದಾಗುತ್ತವೆ. ಊತ ತಡೆಯುವ ದೇಹದ ಸ್ವಂತ ಹಾರ್ಮೋನು ಕಾರ್ಟಿಸೋಲ್ ಕೂಡ ನಡುರಾತ್ರಿಯ ಹೊತ್ತಿಗೆ ಕೆಳಗಿರುತ್ತದೆ. ಹೃದಯ ದುರ್ಬಲ ಇದ್ದವರದ್ದು ಬೇರೆ ಕಥೆ. ಹಗಲು ಕಾಲಿನಲ್ಲಿ ನಿಂತಿದ್ದ ನೀರು ಮಲಗಿದಾಗ ಮೇಲೆ ಹರಿದು ಶ್ವಾಸಕೋಶಕ್ಕೆ ಬರುತ್ತದೆ. ಒಂದೆರಡು ಗಂಟೆ ನಿದ್ದೆಯಾದ ಮೇಲೆ ಉಸಿರು ಕಟ್ಟಿ ಎದ್ದು ಕೂರುತ್ತಾರೆ, ಕಿಟಕಿ ತೆರೆಯಲು ಹೇಳುತ್ತಾರೆ.

ದೇಹದ ಗಡಿಯಾರ ಹೀಗೆ. ಆಫೀಸಿನ ಗಡಿಯಾರ ಇದಕ್ಕೆ ಸರಿಯಾಗಿ ಉಲ್ಟಾ. ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗ ಸಾಮಾನ್ಯವಾಗಿ ಸಂಜೆ ನಾಲ್ಕೂವರೆಗೆ ಮುಗಿಯುತ್ತದೆ. 2022ರ ಕೊನೆಗೆ ರಾಜ್ಯದಲ್ಲಿ ಶುರುವಾದ "ನಮ್ಮ ಕ್ಲಿನಿಕ್" ಎಂಬ ಸರಕಾರಿ ಕ್ಲಿನಿಕ್ಕುಗಳು ಒಳ್ಳೆಯ ಯೋಜನೆ, ಆದರೆ ಅದೂ ಹೆಚ್ಚಾಗಿ ಹಗಲಿನದ್ದೇ. ಪೇಟೆಯ ಡಾಕ್ಟರು ರಾತ್ರಿ ಎಂಟೂವರೆಗೆ ಶಟರ್ ಎಳೆಯುತ್ತಾರೆ. ಮತ್ತೆ ಉಳಿಯುವುದು ಒಂದೇ ಬಾಗಿಲು. ಅಪಾಯಿಂಟ್‌ಮೆಂಟ್ ಬೇಡ, ಚೀಟಿ ಬೇಡ, ಭಾನುವಾರದ ರಜೆ ಇಲ್ಲ. ಕಾನೂನಿನ ಪ್ರಕಾರ ಇಲ್ಲ ಅನ್ನುವ ಹಾಗೂ ಇಲ್ಲ. ತುರ್ತು ಸ್ಥಿತಿಯಲ್ಲಿ ಬಂದವರನ್ನು ಸರಕಾರಿ ಇರಲಿ, ಖಾಸಗಿ ಇರಲಿ, ಯಾವ ಡಾಕ್ಟರೂ ನೋಡಲೇಬೇಕು ಎಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರ ಪ್ರಕರಣದಲ್ಲಿ 1989ರಲ್ಲೇ ಹೇಳಿದೆ. 2008ರಿಂದ 108 ಆಂಬ್ಯುಲೆನ್ಸ್ ಬೇರೆ ಇದೆ, ಫೋನ್ ಮಾಡಿದರೆ ಬರುತ್ತದೆ. ಕರೆದುಕೊಂಡು ಹೋಗುತ್ತದೆ ಅಷ್ಟೇ, ವಾಪಸ್ ಬಿಡುವುದಿಲ್ಲ. ಬೆಳಗಿನ ಜಾವ ಎಮರ್ಜೆನ್ಸಿಯ ಹೊರಗಿನ ಬೆಂಚುಗಳಲ್ಲಿ ಕೂತವರನ್ನು ಒಮ್ಮೆ ಗಮನಿಸಿ. ಅರ್ಧ ಜನ ಕಾಯಿಲೆಗಾಗಿ ಕೂತವರಲ್ಲ. ಫಸ್ಟ್ ಬಸ್ಸಿಗೆ ಕಾಯುವವರು.

ದುಡ್ಡಿನ ದಾರಿಯೂ ಅದೇ ಬಾಗಿಲಿಗೆ ತಳ್ಳುತ್ತದೆ. ಸಾಮಾನ್ಯ ಆರೋಗ್ಯ ವಿಮೆ ದುಡ್ಡು ಕೊಡಬೇಕಾದರೆ ಹೆಚ್ಚಾಗಿ 24 ಗಂಟೆ ಅಡ್ಮಿಟ್ ಆಗಿರಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಅದೂ ಮುಖ್ಯವಾಗಿ ಆಸ್ಪತ್ರೆ ಸೇರಿದರೆ. ತಿಂಗಳಿಗೆ ಕೆಲವು ನೂರು ರೂಪಾಯಿಯ ಪಂಪಿಗೆ ಆ ಕಾರ್ಡು ಉಪಯೋಗಕ್ಕೆ ಬರುವುದಿಲ್ಲ. ಆ ಪಂಪ್ ಇಲ್ಲದೆ ಐಸಿಯು ಸೇರಿದರೆ ಬರುತ್ತದೆ. ಸರಕಾರಿ ಕೇಂದ್ರದಲ್ಲಿ ಔಷಧಿ ಉಚಿತವೇ, ಆದರೆ ಸ್ಟಾಕ್ ಇರಬೇಕಲ್ಲ.

ಆ ಏಳು ರಾತ್ರಿಗಳಲ್ಲಿ ಅಲ್ಲಿ ಕಾಣುತ್ತಿದ್ದ ಉಳಿದವರ ಕಥೆಗಳೂ ಇದಕ್ಕಿಂತ ದೂರದ್ದಲ್ಲ. ಹೃದಯದ ಪಂಪಿಂಗ್ ಕಡಿಮೆ ಇರುವ ಒಬ್ಬ ಅಜ್ಜ. ದಿನಾ ಎರಡು ಹೊತ್ತು ಕುಚ್ಚಲಕ್ಕಿ ಗಂಜಿ. ಗಂಜಿಯಲ್ಲಿ ತಪ್ಪಿಲ್ಲ. ಅದರ ಜೊತೆಗಿನ ಮಾವಿನಮಿಡಿ ಉಪ್ಪಿನಕಾಯಿ, ಒಣಮೀನಿನ ಚಟ್ನಿ, ಹಪ್ಪಳ, ಎಲ್ಲ ಉಪ್ಪೇ. ಉಪ್ಪು ನೀರನ್ನು ಹಿಡಿದಿಡುತ್ತದೆ, ದುರ್ಬಲ ಹೃದಯಕ್ಕೆ ಅಷ್ಟು ನೀರನ್ನು ತಳ್ಳಲು ಆಗುವುದಿಲ್ಲ. ಅದಕ್ಕೆ ಮೂತ್ರ ಹೋಗುವ ಮಾತ್ರೆ ಕೊಟ್ಟಿದ್ದರು. ಮದುವೆಗೆ, ದೇವಸ್ಥಾನಕ್ಕೆ ಬಸ್ಸಲ್ಲಿ ಹೋಗುವ ದಿನ ಅಜ್ಜ ಆ ಮಾತ್ರೆ ಬಿಡುತ್ತಿದ್ದರು. ದಾರಿಯಲ್ಲಿ ಎಲ್ಲಿಗೆ ಹೋಗುವುದು, ಪಾಪ. ಮದುವೆ ಸೀಸನ್ನಿನಲ್ಲಿ ಇವರು ಖಾಯಂ ಗಿರಾಕಿ. ಮೂರು ದಿನದಲ್ಲಿ ತೂಕ 2 ಕಿಲೋ ಏರಿದರೆ ಅದು ಮಾಂಸ ಅಲ್ಲ, ನೀರು. ಒಂದು ತೂಕದ ಯಂತ್ರ ಮನೆಯಲ್ಲಿದ್ದರೆ ಎಷ್ಟೋ ರಾತ್ರಿಗಳು ಉಳಿಯುತ್ತವೆ.

ಡಯಾಲಿಸಿಸ್‌ನವರದ್ದು ಎಳನೀರು. ನಮ್ಮ ಕಡೆ ಯಾರಿಗೆ ಸುಸ್ತಾದರೂ ಮೊದಲು ಕೊಡುವುದು ಒಂದು ಬೊಂಡ. ಅದರಲ್ಲಿ ಪೊಟ್ಯಾಶಿಯಂ ತುಂಬಾ. ಒಳ್ಳೆಯ ಕಿಡ್ನಿ ಅದನ್ನು ಹೊರಹಾಕುತ್ತದೆ. ಕೆಟ್ಟ ಕಿಡ್ನಿ ಹಾಕುವುದಿಲ್ಲ, ರಕ್ತದಲ್ಲಿ ಅದು ಏರಿದರೆ ಹೃದಯ ಹಾಗೇ ನಿಲ್ಲಬಹುದು. ಏಪ್ರಿಲ್ ಸೆಕೆಯಲ್ಲಿ ಒಂದು ಡಯಾಲಿಸಿಸ್ ತಪ್ಪಿಸಿ ಎರಡು ಬೊಂಡ ಕುಡಿದವರ ಇಸಿಜಿ ನೋಡಿ ಡಾಕ್ಟರುಗಳೇ ಬೆವರುತ್ತಾರಂತೆ.

ಏಕಾದಶಿ ಉಪವಾಸ ಮಾಡಿ ಶುಗರ್ ಮಾತ್ರೆ ಮಾತ್ರ ಬಿಡದ ಹಿರಿಯರು ಇನ್ನೊಂದು ಗುಂಪು. ಉಡುಪಿಯಂಥ ಊರಿನಲ್ಲಿ ಇದನ್ನು ಹೇಳಲೇಬೇಕು. ಊಟ ಇಲ್ಲದೆ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಬೆವರು, ತೊದಲು ಮಾತು, ಕೆಲವೊಮ್ಮೆ ಪಾರ್ಶ್ವವಾಯುವಿನ ಹಾಗೇ ಕಾಣುತ್ತದೆ. ಗ್ಲೂಕೋಸ್ ಹಾಕಿದ ಕೂಡಲೇ ಎದ್ದು ಕೂತು "ಎಂತದೂ ಆಗ್ಲಿಲ್ಲ ಮಾರಾಯ್ರೆ, ಮನೆಗೆ ಹೋಗುವ" ಎನ್ನುತ್ತಾರೆ. ಹೋದರೆ ಪುನಃ ಬರುತ್ತಾರೆ, ಯಾಕೆಂದರೆ ಆ ಮಾತ್ರೆ ಹೊಟ್ಟೆ ಸೇರಿದ ಮೇಲೆ ಒಂದು ದಿನದವರೆಗೂ ಕೆಲಸ ಮಾಡುತ್ತಿರುತ್ತದೆ. ಡಾಕ್ಟರ್ ಒಂದು ದಿನ ಇರಿ ಎಂದರೆ ಬಿಲ್ ಏರಿಸಲು ಅಂತಲೇ ತಿಳಿಯಬೇಡಿ. ಮೂತ್ರದ ಪೈಪ್ ಹಾಕಿಸಿಕೊಂಡ ಅಜ್ಜಂದಿರದ್ದು ಇನ್ನೂ ಸಣ್ಣ ವಿಷಯ, ಪೈಪ್ ಬ್ಲಾಕ್ ಆಗುವುದು. ಹತ್ತು ನಿಮಿಷದ ಕೆಲಸ. ಮನೆಗೆ ಬಂದು ಮಾಡಲು ಯಾರಿಲ್ಲ, ಮಗ ದುಬಾಯಿಯಲ್ಲಿ. ಹಾಗಾಗಿ ಆಂಬ್ಯುಲೆನ್ಸ್.

ಎದೆ ಡವಗುಟ್ಟಿ, ಕೈಬೆರಳು ಜೋಮು ಹಿಡಿದು, ಈಗ ಸತ್ತೇ ಹೋಗುತ್ತೇನೆ ಎಂದು ಓಡಿ ಬರುವ ಯುವಕರೂ ಇದ್ದಾರೆ. ಇಸಿಜಿ ನಾರ್ಮಲ್, ರಕ್ತ ಪರೀಕ್ಷೆ ನಾರ್ಮಲ್. "ಏನೂ ಇಲ್ಲ, ಹೋಗಿ" ಎನ್ನುತ್ತಾರೆ. ಅದು ನಿಜ ಅಲ್ಲ. ಏನೋ ಇದೆ, ಅದರ ಹೆಸರು ಪ್ಯಾನಿಕ್ ಅಟ್ಯಾಕ್. ಗಾಬರಿಯಲ್ಲಿ ಜೋರಾಗಿ ಉಸಿರಾಡಿದಾಗ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದಲೇ ಬೆರಳು ಜೋಮು ಹಿಡಿಯುವುದು. ಹೆಸರು ಹೇಳಿ, ಕಾರಣ ತಿಳಿಸಿ, ಮುಂದೆ ಎಲ್ಲಿಗೆ ಹೋಗಬೇಕು ಎಂದು ಹೇಳಿದರೆ ಅರ್ಧ ಗೆದ್ದ ಹಾಗೆ. ಟೆಲಿ ಮಾನಸ್ ಸಹಾಯವಾಣಿ 14416 ಅಕ್ಟೋಬರ್ 2022ರಿಂದ ಇದೆ. ಉಚಿತ, ಕನ್ನಡದಲ್ಲೂ ಮಾತಾಡಬಹುದು. ಇನ್ನು ಕುಡಿತ ಒಮ್ಮೆಲೇ ನಿಲ್ಲಿಸಿ ಫಿಟ್ಸ್ ಬಂದವರು. ಕೊನೆಯ ಗುಟುಕಿನ ನಂತರ 6ರಿಂದ 48 ಗಂಟೆಯ ಒಳಗೆ ಅದು ಬರಬಹುದು. ಮನೆಯವರು ಹರಕೆ ಹೊತ್ತು ಕುಡಿತ ಬಿಡಿಸಿರುತ್ತಾರೆ, ಡಾಕ್ಟರನ್ನು ಕೇಳದೆ. ಫಿಟ್ಸ್ ನಿಲ್ಲಿಸಿ ಕಳಿಸುತ್ತಾರೆ. ಕುಡಿತದ ಚಿಕಿತ್ಸೆ ಬೇರೆ ಕಟ್ಟಡದಲ್ಲಿ, ಬೇರೆ ದಿನ. ಆ ದಿನ ಬರುವುದೇ ಇಲ್ಲ.

ಪದೇ ಪದೇ ಬರುವವರಿಗೆ ಇರುವ ದೊಡ್ಡ ಅಪಾಯ ಮಾತ್ರ ಬೇರೆಯೇ. ಅದು ಪರಿಚಯ. ನಮಗೇ ಆದದ್ದು ಹೇಳುತ್ತೇನೆ. ಐದನೇ ಸಲ, ಸಿಸ್ಟರ್ ಹಾಗೆ ಕೇಳಿದ ದಿನ, ಡ್ಯೂಟಿ ಡಾಕ್ಟರ್ ದೂರದಿಂದಲೇ ನೋಡಿ "ಅದೇ ಅಲ್ವಾ, ನೆಬ್ಯುಲೈಸ್ ಮಾಡಿ" ಎಂದರು. ಜ್ವರ ನೋಡಲಿಲ್ಲ, ಎಕ್ಸ್‌ರೇ ಇಲ್ಲ. ಮಾರನೇ ರಾತ್ರಿ ಮತ್ತೆ ಓಡಿದೆವು. ನ್ಯುಮೋನಿಯಾ. ಆ ಡಾಕ್ಟರನ್ನು ಬೈಯಲು ನನಗೆ ಈಗಲೂ ಮನಸ್ಸಾಗುತ್ತದೆ, ಆದರೆ ಪೂರ್ತಿ ಬೈಯಲು ಆಗುವುದಿಲ್ಲ. ನಾಲ್ಕು ಸಲ ಅದೇ ಆಗಿದ್ದಾಗ ಐದನೇ ಸಲವೂ ಅದೇ ಅನಿಸುವುದು ಮನುಷ್ಯ ಬುದ್ಧಿ. ತೋಳ ಬಂತು ತೋಳ ಕಥೆಯ ಹುಡುಗನಾದರೂ ಸುಳ್ಳು ಹೇಳುತ್ತಿದ್ದ. ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ.

ಇದರ ಉಲ್ಟಾ ತೊಂದರೆ ಪರಿಚಯವೇ ಇಲ್ಲದಿರುವುದು. ಇದು ಮಂಗಳೂರಿನಂಥ ಊರಿನ ವಿಶೇಷ ಸಮಸ್ಯೆ. 1848ರಿಂದ ಇರುವ ವೆನ್ಲಾಕ್, ಕಂಕನಾಡಿಯ ಫಾದರ್ ಮುಲ್ಲರ್, ಅತ್ತಾವರದ ಕೆಎಂಸಿ, ಕುಂಟಿಕಾನದ ಎ.ಜೆ., ದೇರಳಕಟ್ಟೆಯ ಯೆನೆಪೋಯ ಮತ್ತು ಕೆ.ಎಸ್. ಹೆಗ್ಡೆ. ಮೆಡಿಕಲ್ ಕಾಲೇಜುಗಳೇ ಅರ್ಧ ಡಜನಿಗಿಂತ ಹೆಚ್ಚು. ಉತ್ತರಕ್ಕೆ ಹೋದರೆ ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆ, ಮಣಿಪಾಲ. ಕಾಸರಗೋಡಿನಿಂದಲೂ ಜನ ಇಲ್ಲಿಗೇ ಬರುತ್ತಾರೆ. ಇಷ್ಟು ಇರುವುದು ಪುಣ್ಯವೇ. ಆದರೆ ಒಬ್ಬ ಮನುಷ್ಯ ಜೂನ್‌ನಲ್ಲಿ ಒಂದು ಕಡೆ, ಜುಲೈಯಲ್ಲಿ ಇನ್ನೊಂದು ಕಡೆ, ಆಗಸ್ಟ್‌ನಲ್ಲಿ ಮತ್ತೊಂದು ಕಡೆ ಹೋದರೆ ಮೂರೂ ಕಡೆ ಹೊಸ ಫೈಲು, ಹೊಸ ನಂಬರು. ಮೂರೂ ಕಡೆ ಅದು "ಮೊದಲ ಸಲ". ಪದೇ ಪದೇ ಬರುವ ರೋಗಿ ಇದ್ದಾನೆ ಎಂದು ಯಾರಿಗೂ ಗೊತ್ತೇ ಆಗುವುದಿಲ್ಲ. 2021ರಲ್ಲಿ ದೇಶಾದ್ಯಂತ ಬಂದ ಡಿಜಿಟಲ್ ಆರೋಗ್ಯ ಯೋಜನೆಯ 14 ಅಂಕಿಯ ಆಭಾ ನಂಬರ್ ಇದನ್ನೇ ಸರಿಮಾಡಲು. ಸದ್ಯಕ್ಕೆ ನಮ್ಮ ದಾಖಲೆ ವ್ಯವಸ್ಥೆ ಅಂದರೆ ಬಟ್ಟೆಯಂಗಡಿಯ ಪ್ಲಾಸ್ಟಿಕ್ ಚೀಲ.

ಸರಿ, ಗುರುತು ಹಿಡಿದೆವು ಎಂದಿಟ್ಟುಕೊಳ್ಳಿ. ಮನೆಗೇ ಹೋಗಿ ನೋಡಿಕೊಂಡರೆ ಈ ಓಡಾಟ ನಿಲ್ಲುತ್ತದಾ?

ಇದನ್ನು ದೊಡ್ಡದಾಗಿ ಮಾಡಿ ನೋಡಿದ ಊರು ಅಮೆರಿಕದ ನ್ಯೂಜೆರ್ಸಿಯ ಕ್ಯಾಮ್ಡೆನ್. ಬಡ ಊರು. ಅಲ್ಲಿನ ಜೆಫ್ರಿ ಬ್ರೆನ್ನರ್ ಎಂಬ ಡಾಕ್ಟರ್ ಆಸ್ಪತ್ರೆಗಳ ಬಿಲ್ಲುಗಳನ್ನು ಒಟ್ಟು ಮಾಡಿ ನೋಡಿದರು. ಶೇಕಡಾ 1ರಷ್ಟು ರೋಗಿಗಳಿಂದಲೇ ಶೇಕಡಾ 30ರಷ್ಟು ಖರ್ಚು. ಅವರು ನರ್ಸುಗಳು, ಸಮಾಜ ಕಾರ್ಯಕರ್ತರ ತಂಡ ಕಟ್ಟಿದರು. ಆಸ್ಪತ್ರೆಯಿಂದ ಬಿಟ್ಟವರ ಮನೆಗೆ ಹೋಗುವುದು, ಮಾತ್ರೆ ಜೋಡಿಸಿಕೊಡುವುದು, ಡಾಕ್ಟರ ಬಳಿ ಕರೆದುಕೊಂಡು ಹೋಗುವುದು. ಆಸ್ಪತ್ರೆ ಸೇರುವುದು ಚೆನ್ನಾಗಿಯೇ ಇಳಿಯಿತು. ಇಡೀ ದೇಶ ಹೊಗಳಿತು. ಆಮೇಲೆ ಅವರೇ ಒಂದು ಧೈರ್ಯದ ಕೆಲಸ ಮಾಡಿದರು. 800 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಭಾಗ ಮಾಡಿ, ಒಂದು ಭಾಗಕ್ಕೆ ತಂಡದ ಸಹಾಯ, ಇನ್ನೊಂದಕ್ಕೆ ಎಂದಿನ ವ್ಯವಸ್ಥೆ. ಫಲಿತಾಂಶ 2020ರ ಜನವರಿಯಲ್ಲಿ ಬಂತು. 180 ದಿನದೊಳಗೆ ಮತ್ತೆ ಆಸ್ಪತ್ರೆ ಸೇರಿದವರು, ಸಹಾಯ ಸಿಕ್ಕಿದವರಲ್ಲಿ ಶೇಕಡಾ 62.3. ಸಿಗದವರಲ್ಲಿ ಶೇಕಡಾ 61.7.

ಅಂದರೆ ವ್ಯತ್ಯಾಸವೇ ಇಲ್ಲ. ಇಳಿದದ್ದು ಎರಡೂ ಕಡೆ ಇಳಿದಿತ್ತು.

ಇದು ಹೇಗೆ ಎಂದು ಅರ್ಥವಾಗಲು ಮಲ್ಪೆಯ ಮೀನುಗಾರಿಕೆ ಬಂದರಿಗೆ ಹೋಗೋಣ. ಈ ವಾರ ಅತಿ ಕಡಿಮೆ ಮೀನು ಸಿಕ್ಕಿದ ಹತ್ತು ಬೋಟುಗಳನ್ನು ಆರಿಸಿ. ಹತ್ತಕ್ಕೂ ಒಂದೊಂದು ಲಿಂಬೆಹಣ್ಣು ಕಟ್ಟಿ. ಮುಂದಿನ ವಾರ ನೋಡಿದರೆ ಹೆಚ್ಚಿನವಕ್ಕೆ ಮೊದಲಿಗಿಂತ ಜಾಸ್ತಿ ಮೀನು. ಲಿಂಬೆಹಣ್ಣಿನ ಮಹಿಮೆಯಾ? ಅಲ್ಲ. ತೀರಾ ಕೆಟ್ಟ ವಾರ ನೋಡಿಯೇ ನಾವು ಆರಿಸಿದ್ದು. ತೀರಾ ಕೆಟ್ಟ ವಾರದ ನಂತರ ಬರುವುದು ಸಾಮಾನ್ಯವಾಗಿ ಅಷ್ಟು ಕೆಟ್ಟದಲ್ಲದ ವಾರ. ಮಹಿಮೆ ಇದೆಯಾ ಎಂದು ತಿಳಿಯಬೇಕಾದರೆ ಹತ್ತರಲ್ಲಿ ಐದಕ್ಕೆ ಮಾತ್ರ ಲಿಂಬೆಹಣ್ಣು ಕಟ್ಟಬೇಕು. ರೋಗಿಗಳೂ ಹಾಗೇ. ಕಾಯಿಲೆ ತುತ್ತತುದಿಗೆ ಏರಿದಾಗ ನಾವು ಅವರನ್ನು "ಪದೇ ಪದೇ ಬರುವವರು" ಎಂದು ಲೆಕ್ಕ ಹಿಡಿಯುತ್ತೇವೆ. ಅಲ್ಲಿಂದ ಎಷ್ಟೋ ಜನ ತಾವಾಗಿಯೇ ಇಳಿಯುತ್ತಾರೆ, ಕೆಲವರು ತೀರಿಹೋಗುತ್ತಾರೆ. ಈ ವರ್ಷದ ಪಟ್ಟಿಯಲ್ಲಿ ಇರುವ ಹೆಚ್ಚಿನವರು ಮುಂದಿನ ವರ್ಷದ ಪಟ್ಟಿಯಲ್ಲಿ ಇರುವುದಿಲ್ಲ. ಹೊಸಬರು ಬಂದಿರುತ್ತಾರೆ.

ಇದನ್ನು ಓದಿದಾಗ ನನಗೆ ಸ್ವಲ್ಪ ಬೇಸರವೇ ಆಯಿತು. ಯಾಕೆಂದರೆ ಏಳನೇ ರಾತ್ರಿಯ ನಂತರ ನಾವು ಮಾಡಿದ್ದನ್ನು ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಹೊಸ ಪಂಪ್, ಸ್ಪೇಸರ್ ತಂದೆವು. ದಿನಾ ಎಳೆಯುವ ಪಂಪನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಇಟ್ಟೆವು, ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕಲ್ಲ. ಬಚ್ಚಲಿಗೆ ಗೀಸರ್ ಹಾಕಿಸಿದೆವು, ಅದಕ್ಕೊಂದು ಜಗಳವೇ ಆಯಿತು. ಅಕ್ಟೋಬರ್‌ನಿಂದ ಮುಂದಿನ ಮೇವರೆಗೆ ಒಂದು ಸಲವೂ ಎಮರ್ಜೆನ್ಸಿಗೆ ಹೋಗಲಿಲ್ಲ. ನಮ್ಮದೇ ಸಾಧನೆ ಎಂದುಕೊಂಡಿದ್ದೆ. ಆದರೆ ಅಕ್ಟೋಬರಿಗೆ ಮಳೆಯೂ ನಿಂತಿತ್ತಲ್ವಾ? ಎಷ್ಟು ಪಂಪಿನಿಂದ, ಎಷ್ಟು ಬಿಸಿಲಿನಿಂದ ಎಂದು ನನಗೆ ಹೇಳಲು ಬರುವುದಿಲ್ಲ. ಇನ್ನೊಬ್ಬ ದೊಡ್ಡಮ್ಮನನ್ನು ಲಿಂಬೆಹಣ್ಣು ಕಟ್ಟದೆ ಇಟ್ಟು ನೋಡಲು ಆಗುವುದಿಲ್ಲವಲ್ಲ.

ಹಾಗಂತ ಮನೆಗೆ ಹೋಗಿ ನೋಡುವುದು ದಂಡ ಎಂದಲ್ಲ. ಬೇರೆ ಕಡೆಯ ಇಂಥ ಕೆಲವು ಪ್ರಯತ್ನಗಳಲ್ಲಿ ಎಮರ್ಜೆನ್ಸಿ ಭೇಟಿ ಇಳಿದದ್ದೂ ಇದೆ. ಕ್ಯಾಮ್ಡೆನ್‌ನ ರೋಗಿಗಳಲ್ಲಿ ಎಷ್ಟೋ ಜನರಿಗೆ ಇರಲು ಮನೆ ಇರಲಿಲ್ಲ, ಕುಡಿತ, ಮಾದಕ ವಸ್ತು ಬಿಡಿಸಲು ಜಾಗ ಇರಲಿಲ್ಲ. ನರ್ಸ್ ಕೈಹಿಡಿದು ಕರೆದುಕೊಂಡು ಹೋಗಬಹುದು, ಹೋಗುವುದಾದರೂ ಎಲ್ಲಿಗೆ? ನಮ್ಮಲ್ಲಿ ಎಷ್ಟೋ ಸಲ ಪ್ರಶ್ನೆ ಅಷ್ಟು ದೊಡ್ಡದಲ್ಲ ಎಂದು ನನಗನಿಸುತ್ತದೆ. ಖಾಲಿ ಪಂಪ್, ಬಿಟ್ಟ ಮಾತ್ರೆ, ಬ್ಲಾಕ್ ಆದ ಪೈಪ್. ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಪಂಪ್ ಪರೀಕ್ಷೆ ಮಾಡುವುದನ್ನು ಅರ್ಧ ಗಂಟೆಯಲ್ಲಿ ಕಲಿಸಬಹುದು. ಎಮರ್ಜೆನ್ಸಿಯಿಂದ ಬಿಡುವಾಗ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡಬಹುದು. ಇದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ.

ನಮಗೆ ಆ ಹೌಸ್ ಸರ್ಜನ್ ಬರೆದುಕೊಟ್ಟ ಹಾಳೆ ಈಗಲೂ ಗೋಡೆಯಲ್ಲಿದೆ. ಉಸಿರು ಕಟ್ಟಿದರೆ ಯಾವ ಪಂಪ್, ಎಷ್ಟು ಸಲ, ಎಷ್ಟು ಹೊತ್ತು ಕಾಯಬೇಕು. ಅದು ಒಬ್ಬೊಬ್ಬರಿಗೆ ಬೇರೆ ಬೇರೆ, ನಿಮ್ಮ ಡಾಕ್ಟರನ್ನೇ ಕೇಳಿ. ಕೆಳಗೆ ಕೆಂಪು ಶಾಯಿಯಲ್ಲಿ: ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಬಂದರೆ, ಎದೆ ನೋವು ಬಂದರೆ, ಪಂಪ್ ಎಳೆದರೂ ಇಳಿಯದಿದ್ದರೆ ಕೂಡಲೇ ಬನ್ನಿ. ಎಷ್ಟನೇ ಸಲ ಎಂದು ಲೆಕ್ಕ ಹಾಕಬೇಡಿ. ಆ ಕೊನೆಯ ಮಾತನ್ನು ದೊಡ್ಡಮ್ಮ ನನ್ನಿಂದ ಎರಡು ಸಲ ಓದಿಸಿಕೊಂಡಿದ್ದರು.

ಮರುವರ್ಷದ ಮಳೆಗಾಲದಲ್ಲಿ ಎರಡು ಸಲ ಹೋದೆವು. ಎರಡೂ ಸಲ ಹೋಗಬೇಕಾದದ್ದೇ. ಮತ್ತೊಂದು ರಾತ್ರಿ, ಮೂರು ಗಂಟೆಗೆ ಫೋನ್ ಬಂತು. ಹೊರಗೆ ಜಡಿಮಳೆ. ನಾನು ಪ್ಯಾಂಟು ಹಾಕಿಕೊಳ್ಳುತ್ತಲೇ ಫೋನ್ ಎತ್ತಿದೆ.

"ಬರುದು ಬೇಡ ಮಗ. ಪಂಪ್ ಎಳೆದೆ, ಇಳಿದಿದೆ. ಸುಮ್ನೆ ಫೋನ್ ಮಾಡಿದ್ದು."

ಮತ್ತೆ ಅರ್ಧ ಗಂಟೆ ಮಾತಾಡಿದರು. ಅಡಿಕೆಗೆ ಬಂದ ಕೊಳೆರೋಗದಿಂದ ಹಿಡಿದು ಪಕ್ಕದ ಮನೆಯ ನಾಯಿಯವರೆಗೆ. ಉಸಿರು ಎಲ್ಲೂ ಕಟ್ಟಲಿಲ್ಲ.